ಎಂಟು ದಿನದ ಬದಲಿ

"ಬಾಣಂತನಕ್ಕೆ ಬುಡ್ತೀನಿ, ಸಾವಿಗೆ ಬುಡ್ತೀನಿ. ಗಂಡನ ಏಟಿಗೆಲ್ಲ ರಜ ಕೊಡ್ತಾ ಕೂತ್ರೆ ಮಿಲ್ಲಿಗೆ ಬೀಗ ಜಡೀಬೇಕಾಯ್ತದೆ, ಲೌಡಿ!" ಮಾಲೀಕ ಚೌಡಯ್ಯ ಉಗಿದ.

ಅದು ತೊಂಬತ್ತೈದರ ಸುಗ್ಗಿ. ಹೊಸಹೊಳಲು ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಭತ್ತ ಒಣಗಿಸುವ ಹೆಂಗಸರು ನಾವು ಹನ್ನೊಂದು ಮಂದಿ. ಎಲ್ಲರೂ ಏಟು ತಿಂದವರೇ. ಯಾರಾದರೂ ಕೇಳಿದರೆ ಬಚ್ಚಲಲ್ಲಿ ಜಾರಿಬಿದ್ದೆ ಅನ್ನುತ್ತಿದ್ದೆವು. ಬೆಟ್ಟಮ್ಮ ಮಾತ್ರ ಮುರಿದ ಕೈಯನ್ನು ಮುಂದೆ ಹಿಡಿದು ನಿಜ ಹೇಳಿದಳು.

"ಒನಕೇಲಿ ಬಡ್ದ ಬುದ್ದಿ. ಇಲ್ಲೇ ಇದ್ರೆ ಸಾಯಿಸ್ತಾನೆ. ಎಂಟು ದಿನ ನಾಗಮಂಗಲಕ್ಕೆ, ಅವ್ವನ ಮನೆಗೆ ಓಯ್ತೀನಿ. ಕೆಲ್ಸ ಮಾತ್ರ ಕಳೀಬೇಡಿ. ಇದೊಂದಿದ್ರೆ ಅವನ ಹಂಗಿಲ್ದೆ ಬದುಕ್ಕೋತೀನಿ."

"ಬದಲಿ ನಿಲ್ಸಿ ಓಗು. ಎಂಟೇ ದಿನ." ಚೌಡಯ್ಯ ಕಡೆಗೂ ಒಪ್ಪಿದ.

ಅದು ಮೊದಲಿಂದ ಇದ್ದ ಕಟ್ಟಳೆ. ರಜ ಹೋಗುವವಳು ಬದಲಿಗೆ ಒಬ್ಬಳನ್ನು ನಿಲ್ಲಿಸಬೇಕು, ತಿರುಗಿ ಬಂದಾಗ ಆಕೆ ಜಾಗ ಬಿಡಬೇಕು. ಬೆಟ್ಟಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ನಿಲ್ಲಿಸಿದಳು. ಬೆಟ್ಟಮ್ಮನ ಗಂಡ ದ್ಯಾವಯ್ಯ ಕುಡಿದು ಬಂದಾಗಲೆಲ್ಲ ಇವಳನ್ನು ಒಳಗೆಳೆದುಕೊಂಡು ಅಗುಳಿ ಹಾಕುತ್ತಿದ್ದವಳು ಅವಳೇ.

ಒಂಬತ್ತನೆಯ ದಿನ ಕೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಬೆಟ್ಟಮ್ಮ ಬಂದಳು.

"ನಿಂಗೇನ್ ಕೆಲ್ಸ ಇಲ್ಲಿ? ಅವ್ಳು ಕೆಲ್ಸ ಬುಟ್ಲು ಅಂತ ನಿನ್ ಗಂಡ ಬಂದು ಯೋಳ್ದ" ಅಂದ ಚೌಡಯ್ಯ.

"ಅವ್ನ್ಯಾರು ಯೋಳಾಕೆ? ನಾನು ಬುಟ್ಟಿಲ್ಲ!"

"ಪುಟ್ಟತಾಯಮ್ಮನೂ ಔದು ಅಂದ್ಲಲ್ಲ. ಕೇಳ್ಕೋ ಓಗು."

ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. "ನಂಗೂ ಮೂರು ಮಕ್ಳವೆ ಕಣಮ್ಮಿ" ಅಂದಳು.

ನಮ್ಮ ಹತ್ತು ಮಂದಿಗೂ ನಿಜ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

"ಅವ್ನು ಒಡೀತಾನೆ ಅಂತ ಗೊತ್ತಿತ್ತು ಕಣೆ. ನೀನೂ ಒಡೀತೀಯ ಅಂತ ಗೊತ್ತಿರ್ನಿಲ್ಲ" ಎಂದು ಬೆಟ್ಟಮ್ಮ ಅತ್ತಳು.

"ಮುರುಕು ಕೈಯೋಳ್ನ ಇಟ್ಕೊಂಡು ನಾನೇನ್ ಮಾಡ್ಲಿ? ನಡಿ ಆಚೆ, ಮುಂಡೆ!" ಚೌಡಯ್ಯ ಗದರಿದ.

"ಭತ್ತ ಕೆದಕಾದು ಕಾಲಲ್ಲಿ ಕಣಯ್ಯ." ಈ ಸಲ ಬುದ್ದಿ ಅನ್ನಲಿಲ್ಲ.

ಸೆರಗು ಸಿಕ್ಕಿಸಿ, ಅಂಗಳದಲ್ಲಿ ಹರಡಿ ಬಿಸಿಲಿಗೆ ಕಾದ ಭತ್ತಕ್ಕೆ ಇಳಿದಳು. ಪಾದ ಎಳೆದು ಸಾಲು ಬಿಡಿಸುತ್ತ ಪುಟ್ಟತಾಯಮ್ಮನ ಸಾಲಿಗೇ ಎದುರಾಗಿ ನಡೆದಳು. ಇಬ್ಬರ ನಡುವೆ ಒಂದು ಗೇಣು ಉಳಿಯಿತು.

"ನನ್ ಜಾಗ ಬುಡು."

ಪುಟ್ಟತಾಯಮ್ಮ ಅಲುಗಲಿಲ್ಲ. ಬೆಟ್ಟಮ್ಮನೂ ಅಲುಗಲಿಲ್ಲ. ನಾವು ಕೆದಕುವುದನ್ನು ಮರೆತು ನಿಂತುಬಿಟ್ಟೆವು.

"ಏನ್ರೇ ನೋಡ್ತೀರಾ ಲೌಡೀರಾ, ಕೆದಕ್ರೇ!" ಚೌಡಯ್ಯ ಕಿರುಚಿದ.

ಒಬ್ಬಳೂ ಕಾಲು ಎತ್ತಲಿಲ್ಲ.