ಚಾವಿ ತಿರುವಿದರೆ ಟಕ್

ಕೆಟ್ಟು ನಿಲ್ಲುವುದಕ್ಕೆ ಆ ಕಾರಿಗೆ ಮುಸರ್ರತ ಟೀಚರ ಮನೆಯ ಗೇಟೇ ಬೇಕಾಗಿತ್ತೇ! ಇಡೀ ಚಿದ್ರಿ ಬಡಾವಣೆಯಲ್ಲಿ ಬೇರೆ ಯಾರ ಬಾಗಿಲಲ್ಲಿ ನಿಂತಿದ್ದರೂ ಅನುಗ್ರಹಳ ಮಾನ ಉಳಿಯುತ್ತಿತ್ತು.

ಅವಳ ಅಪ್ಪ ವಿಲ್ಸನ ವರ್ಷಗಟ್ಟಲೆ ಇದೇ ಬಿಳಿ ಕಾರಿನಲ್ಲಿ ಮುಸರ್ರತರೂ ಸೇರಿ ನಾಲ್ವರು ಟೀಚರರನ್ನು ಬೀದರದಿಂದ ಔರಾದಿನ ಶಾಲೆಗೆ ಒಯ್ದು, ಸಂಜೆ ತಂದು ಮನೆ ಮುಟ್ಟಿಸುತ್ತಿದ್ದ. ಈಗ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಸ್ಟೇರಿಂಗ್ ಮುಟ್ಟಬೇಡಿ ಅಂದುಬಿಟ್ಟಿದ್ದರು ಡಾಕ್ಟರು. ಕ್ರಿಸ್ಮಸ್ ರಜೆ ಮುಗಿದು ಸೋಮವಾರದಿಂದ ಶಾಲೆ ಶುರು. ಇನ್ನು ಮೇಲೆ ಕಾರು ನಡೆಸುವವಳು ತಾನು ಎಂದು ಹೇಳಿ, ನಡೆಸಿಯೂ ತೋರಿಸಲು ಅನುಗ್ರಹ ಆ ಶನಿವಾರ ಮಧ್ಯಾಹ್ನ ಬಂದಿದ್ದಳು. ಮನೆಯಲ್ಲೂ ಅದು ಚಾವಿಗೆ ಚಾಲೂ ಆಗಿರಲಿಲ್ಲ. ಪಕ್ಕದ ಮನೆಯ ಉಮೇರ ಇಳಿಜಾರಿನಲ್ಲಿ ದೂಡಿಕೊಟ್ಟಿದ್ದ. ಆ ಮಾತು ನುಂಗಿಕೊಂಡು ಬಂದವಳು ಗೇಟಿನ ಮುಂದೆ ರೂಢಿಯಂತೆ ಎಂಜಿನ್ ಬಂದ್ ಮಾಡಿಬಿಟ್ಟಳು. ಮತ್ತೆ ಚಾವಿ ತಿರುವಿದರೆ, ಟಕ್.

"ಟಕ್ ಅಂತು. ಮುಂದ?" ಟೀಚರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

"ರಜಾದಾಗ ನಿಂತೇ ಇತ್ತಲ್ಲರಿ ಮೇಡಂ. ಸ್ವಲ್ಪ ದೂಡಿದ್ರ..."

"ಔರಾದ ಬಸ್ ಸ್ಟ್ಯಾಂಡ್ ಮುಂದ ನಾವು ನಾಲ್ಕೂ ಮಂದಿ ಕಾರ್ ದೂಡಿದ್ರ ನಮ್ಮ ಸಾಲಿ ಹುಡುಗ್ರು ವಿಡಿಯೋ ಮಾಡಂಗಿಲ್ಲೇನು ಬೇಟಾ? ಹೆಡ್‌ಮಾಸ್ತರಗ ಮೊದಲು ಕಳಿಸ್ತಾವ!"

"ಸೋಮವಾರ ಚಾವಿಯಿಂದಲೇ ಚಾಲೂ ಆಗ್ತದರಿ."

"ಇವತ್ತು ಸಂಜಿ ಮಗ್ರಿಬ್ ನಮಾಜ್ ಮಟ ನೋಡ್ತೇನಿ. ಆಗಲಿಲ್ಲಂದ್ರ ಆ ಡ್ರೈವರ್ ಜುನೈದ ಕೇಳ್ಲಿಕತ್ತಾನ, ಅವನ ಗಾಡಿಗಿ ಹೂಂ ಅಂತೇನಿ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಹಾಜರಿ ತಪ್ಪಿದ್ರ ನನಗ ಯಾರು ಬಿಡ್ತಾರ?"

ಉಮೇರನನ್ನೇ ಕರೆಸಿ, ಮತ್ತೆ ದೂಡಿಸಿಕೊಂಡು ಅವಳು ಮನೆ ಸೇರಿದಳು. ಬಾನೆಟ್ ಎತ್ತಿ ಮೆಕ್ಯಾನಿಕ್ ರಶೀದ ಅಹ್ಮದನಿಗೆ ಫೋನು ಹಚ್ಚಿದರೆ ಅತ್ತ ಕಡೆ ಪಾತ್ರೆಗಳ ಸಪ್ಪಳ.

"ಭಾಲ್ಕಿ ಲಗ್ನದಾಗ ಇದ್ದೀನವ್ವಾ, ಬಿರಿಯಾನಿ ಮುಂದ ಕುಂತೀನಿ. ಬ್ಯಾಟರಿ ಹೋಗಿರ್ತದ, ಮತ್ತೇನಿರಲ್ಲ. ನಾಡದು ಬರ್ತೀನಿ."

ಅಂಗಳದ ಕುರ್ಚಿಯಲ್ಲಿ ಕೂತಿದ್ದ ಅಪ್ಪ, "ಬಿಡವ್ವಾ ಅನುಗ್ರಹಾ, ಲೈನು ಜುನೈದಗ ಹೋದ್ರ ಹೋಗ್ಲಿ. ಅಷ್ಟು ದೂರದ ರಸ್ತಾ, ನೀ ಹೆಣ್ಣುಡುಗಿ," ಅಂದ.

"ರಸ್ತಾಕ್ಕೇನು ಗೊತ್ತರಿ ಪಪ್ಪಾ, ಓಡ್ಸೋರು ಗಂಡೋ ಹೆಣ್ಣೋ ಅಂತ?" ಎಂದು ಅವಳು ತೋಳು ಮಡಚಿದಳು.

ಮೊದಲು ಕಾರಿನ ದೀಪ ಹಚ್ಚಿ ನೋಡಿದಳು. ಹತ್ತಿತು, ಆದರೆ ನಿದ್ದೆಗಣ್ಣಿನವರ ಹಾಗೆ ಮಂಕಾಗಿ. ಹಾರ್ನು ಕುಂಯ್ ಅಂತು. ದೀಪ ಉರಿಯುತ್ತಿರುವಾಗಲೇ ಚಾವಿ ತಿರುವಿದಳು. ಟಕ್ ಎಂಬ ಸದ್ದಿನೊಂದಿಗೆ ದೀಪವೂ ಸತ್ತಿತು. ಚಾವಿ ಬಿಟ್ಟರೆ ಮತ್ತೆ ಕಣ್ಣು ಬಿಟ್ಟಿತು.

"ಬ್ಯಾಟರಿನೇ ಅದು," ಎಂದು ಉಮೇರ ತನ್ನ ಗೂಡ್ಸ್ ಗಾಡಿಯ ಬ್ಯಾಟರಿ ಬಿಚ್ಚಿ ತಂದ. ಬೆಳಿಗ್ಗೆಯಷ್ಟೇ ಮಾರ್ಕೆಟ್ಟಿಗೆ ಹೋಗಿಬಂದ ಗಟ್ಟಿ ಬ್ಯಾಟರಿ. ಹಳೆಯದನ್ನು ತೆಗೆದು ಅದನ್ನು ಜೋಡಿಸಿ ಚಾವಿ ತಿರುವಿದರು. ಟಕ್!

"ಹಂಗಾದ್ರ ಸೆಲ್ಫ್ ಸುಟ್ಟದ," ಎಂದು ಅಪ್ಪ ನಿಟ್ಟುಸಿರುಬಿಟ್ಟ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರೇ ಸುಟ್ಟಿದ್ದರೆ ಇವತ್ತಿಗೆ ಆಗುವ ಕೆಲಸವಲ್ಲ.

ಅನುಗ್ರಹ ತನ್ನ ಬ್ಯಾಟರಿಯನ್ನೇ ವಾಪಸು ಕೂರಿಸಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫಿಗೆ ಹೋಗಬೇಕು, ಕೆಲಸ ಮುಗಿಸಿ ಕಾರಿನ ಕಬ್ಬಿಣದ ಮೈಯೊಳಗಿಂದ ಬ್ಯಾಟರಿಗೆ ಮರಳಬೇಕು. ಎಲ್ಲರೂ ಹೋಗುವ ದಾರಿಯನ್ನೇ ನೋಡುತ್ತಿದ್ದರು. ಅವಳ ಅಜ್ಜಿಯ ಕಥೆಗಳಲ್ಲಾದರೋ ರಾಜಕುಮಾರರು ಹೋಗುವಾಗ ಎಂದೂ ತಪ್ಪಿಸಿಕೊಂಡವರಲ್ಲ. ಏಳು ಕಾಡು ದಾಟಿ ಹೂವು ಕಿತ್ತು ಮರಳಿ ಬರುವಾಗಲೇ ಯಾವಳೋ ಮಾಯಾವಿ ಅವರನ್ನು ಕಲ್ಲು ಮಾಡಿ ನಿಲ್ಲಿಸುತ್ತಿದ್ದಳು.

"ಉಮೇರಭಾಯಿ, ನಿಮ್ಮ ಗಾಡ್ಯಾಗ ದಪ್ಪ ವೈರ್ ಅದಲ್ಲ, ಬ್ಯಾಟರಿಗಿ ಬ್ಯಾಟರಿ ಜೋಡ್ಸೋದು? ತರ್ರಿ."

ಗಾಡಿ ನ್ಯೂಟ್ರಲ್‌ನಲ್ಲಿರುವುದನ್ನು ನೋಡಿಕೊಂಡು, ವೈರಿನ ಒಂದು ತುದಿಯನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೂ ಇನ್ನೊಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಕಚ್ಚಿಸಿದಳು. ಮರಳುವವನಿಗೆ ಹೊಸ ದಾರಿ. ಹೋಗಿ ಚಾವಿ ತಿರುವಿದಳು.

ಕಾರು ಗುರ್ರೆಂದು ಎದ್ದುಬಿಟ್ಟಿತು. ಮರದ ಕಾಗೆಗಳೆಲ್ಲ ಹಾರಿದವು.

"ಸೆಲ್ಫೂ ಛಲೋ ಅದ, ಬ್ಯಾಟರೀನೂ ಛಲೋ ಅದ!" ಎಂದು ಕೂಗುತ್ತಲೇ ಎಂಜಿನ್ ಬಂದ್ ಮಾಡಿ ಓಡಿಬಂದಳು. ಮೈನಸ್ಸಿನಿಂದ ಹೊರಟ ಕಾರಿನದೇ ಕಪ್ಪು ವೈರನ್ನು ಬೆರಳಲ್ಲಿ ಹಿಡಿದು ಹೋದಳು. ಅದು ಕಾರಿನ ಮೈಗೆ ಒಂದು ಬೋಲ್ಟಿನಿಂದ ಕೂತಿತ್ತು. ಪಾನಾ ಹಾಕಿ ಬೋಲ್ಟು ಬಿಚ್ಚಿದಳು. ವೈರಿನ ತುದಿಯ ಬಳೆಯ ಕೆಳಗೆ ಹಸಿರು. ಎಣ್ಣೆಬಣ್ಣದ ದಪ್ಪ, ನುಣ್ಣನೆಯ ಹಸಿರು.

ಆ ಹಸಿರಿನ ಗುರುತು ಯಾರಿಗೂ ಹೇಳಬೇಕಾಗಿರಲಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಮನೆಗೆ ಬಣ್ಣ ಹಚ್ಚದೆ ಆ ಓಣಿಯ ಯಾವ ಮೆಥಡಿಸ್ಟ್ ಮನೆಯವರೂ ಚರ್ಚಿಗೆ ಹೋಗಿ ಕೂತವರಲ್ಲ. ವಿಲ್ಸನನದು ಇನ್ನೂ ಒಂದು ಕೈ ಮೇಲು. ತೆರೆದ ಡಬ್ಬಿಯಲ್ಲಿ ಬಣ್ಣ ಉಳಿಯಬಾರದು. ಈ ಸಲ ಗೇಟು, ಕಿಟಕಿ, ಟ್ರಂಕು, ಕೋಳಿಗೂಡು ಎಲ್ಲ ಮುಗಿದರೂ ಡಬ್ಬಿಯ ತಳದಲ್ಲಿ ಇಷ್ಟು ಉಳಿದಿತ್ತು. ಕಾರಿನಲ್ಲಿ ಬ್ಯಾಟರಿ ಕೂರುವ ತಟ್ಟೆ ತುಕ್ಕು ಹಿಡಿದಿದೆಯೆಂದು ವೈರು ಬಿಚ್ಚಿ, ಅಲ್ಲಿಗೂ ಸುತ್ತಮುತ್ತಲಿಗೂ ಎರಡು ಕೈ ಬಳಿದು, ಒಣಗಿದ ಮೇಲೆ ವೈರನ್ನು ಬಣ್ಣದ ಮೇಲೆಯೇ ಬಿಗಿದಿದ್ದ. ದೀಪಕ್ಕೆ ಬೇಕಾದಷ್ಟು ಕರೆಂಟು ಬೋಲ್ಟಿನ ಸಂದಿಯಿಂದ ಹೇಗೋ ನುಸುಳುತ್ತಿತ್ತು. ಸೆಲ್ಫಿನ ಹಸಿವಿಗೆ ಅದು ಸಾಲದು.

ಅಪ್ಪ ಎದ್ದು ಬಂದು ಬೆರಳಿನಿಂದ ಮುಟ್ಟಿ ನೋಡಿದ.

"ಇದು ಜುನೈದ ಹಚ್ಚಿದ್ದಲ್ಲ, ನಾನೇ," ಅಂದ ಮೆಲ್ಲಗೆ.

"ಬಣ್ಣ ಮಾತ್ರ ಮಸ್ತ್ ಕುಂತದ ಚಾಚಾ," ಎಂದು ಉಮೇರ ಹಲ್ಲು ಕಿರಿದ.

"ನಗಬ್ಯಾಡಲೇ. ಮರಳುಕಾಗದ ಕೊಡು ಇಲ್ಲಿ."

"ನಾ ತಿಕ್ತೇನಿ ಪಪ್ಪಾ, ನಿಮಗ ಕಾಣಂಗಿಲ್ಲ."

"ಕೈಗಿ ಕಾಣ್ತದ." ಅಪ್ಪ ಬಾಗಿ ತಿಕ್ಕಿದ. ಅವಳು ಒರೆಸಿದಳು, ಅವನು ಮತ್ತೆ ತಿಕ್ಕಿದ. ಹಸಿರು ಹೋಗಿ ಬೂದು ಬಂತು, ಬೂದು ಹೋಗಿ ಬೆಳ್ಳಿಯಂಥ ಕಬ್ಬಿಣ ಹೊಳೆಯಿತು. ವೈರಿನ ಬಳೆಯನ್ನೂ ತಿಕ್ಕಿ, ಬೋಲ್ಟು ಬಿಗಿದರು. ಚಾವಿ ತಿರುವಿದಾಗ ಟಕ್ ಎಂಬ ಸದ್ದು ಕೇಳಲು ಕಿವಿಗೆ ಸಮಯವೇ ಸಿಗಲಿಲ್ಲ, ಅಷ್ಟರಲ್ಲಿ ಕಾರು ಎದ್ದಾಗಿತ್ತು.

ಮುಸರ್ರತ ಟೀಚರ ಗೇಟಿನ ಮುಂದೆ ಕಾರು ನಿಂತಾಗ ಸಂಜೆಯ ಬಿಸಿಲು ಇನ್ನೂ ಗೋಡೆಯ ನೆತ್ತಿಯ ಮೇಲಿತ್ತು. ಎಂಜಿನ್ನಿನ ಸದ್ದಿಗೇ ಹೊರಬಂದ ಟೀಚರು, "ದೂಡಿಸಿಕೊಂಡು ಬಂದಿರ್ತೀ. ಬಂದ್ ಮಾಡು," ಅಂದರು.

ಅನುಗ್ರಹ ಬಂದ್ ಮಾಡಿದಳು.

"ಹೂಂ, ಈಗ ಮಾಡು."

ಚಾಲೂ ಆಯಿತು.

"ಮತ್ತೊಮ್ಮೆ."

ಅವಳು ಚಾವಿಯನ್ನು ಪೂರ್ತಿ ಹೊರಗೆ ತೆಗೆದು ಟೀಚರ ಕೈಗೇ ಕೊಟ್ಟಳು. "ನೀವೇ ತಿರುವ್ರಿ ಮೇಡಂ."

ಟೀಚರು ಕಿಟಕಿಯೊಳಗೆ ತೋಳು ತೂರಿಸಿ, ಕಣ್ಣು ಕಿರಿದು ಮಾಡಿ ತಿರುವಿದರು. ಕಾರು ಗುರ್ರೆಂದ ಕೂಡಲೇ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು.

"ಮುಂದಿನ ಸೀಟು ನಂದು, ಈಗ್ಲೇ ಹೇಳ್ತೇನಿ," ಅಂದರು. "ಹಿಂದ ಕೂತ್ರ ನನಗ ಹೊಟ್ಟಿ ತೊಳಸ್ತದ."