ಉಬ್ಬಿ ಇಳಿದ ಬ್ರೆಡ್ಡು

ಮಾತಾಡಲು ಬಾರದವರನ್ನೂ ದೇವರು ಬರಿಗೈಯಲ್ಲಿ ಕಳಿಸುವುದಿಲ್ಲ. ಒಬ್ಬನಿಗೆ ಕೊಳಲು ಕೊಡುತ್ತಾನೆ, ಇನ್ನೊಬ್ಬನಿಗೆ ಸಿಟ್ಟು ಕೊಡುತ್ತಾನೆ. ಬೇಕರಿ ಅಣ್ಣನಿಗೆ ಬ್ರೆಡ್ಡು ಕೊಟ್ಟಿದ್ದ.

ಬೀದಿಯ ಆ ತುದಿಯಲ್ಲಿ ಅವನ ಬೇಕರಿ, ಅಪ್ಪನ ಕಾಲದ್ದು. ಈ ತುದಿಯಲ್ಲಿ, ಕಟ್ಟಡದ ಮೇಲಿನ ಮಹಡಿಯಲ್ಲಿ, ತಮ್ಮನ ಮನೆ. ತಮ್ಮ ಗಡಿಯಾರ ರಿಪೇರಿಯವನು. ಕಿಟಕಿಯ ಪಕ್ಕದ ಮೇಜೇ ಅವನ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಅಣ್ಣ ಬೇಕರಿಯ ಹಿಂದಿನ ಕೋಣೆಯಲ್ಲೇ ಒಂಟಿಯಾಗಿದ್ದ. ಬೆಳಗಿನ ಮೊದಲ ಬ್ರೆಡ್ಡು ಒಲೆಯಿಂದ ಇಳಿದ ಕೂಡಲೇ ಒಂದನ್ನು ಕಾಗದದಲ್ಲಿ ಸುತ್ತಿ, ಕಂಕುಳಲ್ಲಿ ಅವಚಿಕೊಂಡು, ಮೆಟ್ಟಿಲು ಹತ್ತಿ ಬರುತ್ತಿದ್ದ.

ಬಂದವನು "ಬಿಸಿ ಇದೆ" ಅನ್ನುತ್ತಿದ್ದ. ತಮ್ಮ "ಹೂಂ" ಅನ್ನುತ್ತಿದ್ದ. ಅಣ್ಣ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ, ಗೋಡೆಯ ಮೇಲೆ ಒಂದೊಂದು ಒಂದೊಂದು ಸಮಯ ತೋರಿಸುತ್ತಿದ್ದ ರಿಪೇರಿ ಗಡಿಯಾರಗಳನ್ನು ನೋಡುತ್ತಿದ್ದ.

"ಇದ್ರಲ್ಲಿ ಯಾವ್ದೋ ನಿಜ ಹೇಳೋದು?"

"ಯಾವ್ದೂ ಇಲ್ಲ."

"ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ."

ವರ್ಷಗಟ್ಟಲೆ ಇದೇ ಮಾತು. ದಿನಾ ಹೇಳುವ ಪ್ರಾರ್ಥನೆ ಹಳತಾಗುವುದುಂಟೆ? ಇದೂ ಹಾಗೆಯೇ ಇತ್ತು.

ಒಂದು ಬೆಳಿಗ್ಗೆ ಅಣ್ಣ ಮೇಲೆ ಬಂದು ಮುಟ್ಟುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ಅದು ತಮ್ಮನ ಹೆಂಡತಿಯ ಕಣ್ಣಿಗೆ ಬಿತ್ತು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಬೀದಿಗೆಲ್ಲ 'ಮಾತ್ರೆ ಅಕ್ಕ'. ಯಾರ ನೋವು ಕಂಡರೂ ಅದಕ್ಕೊಂದು ಮದ್ದು ಹುಡುಕದೆ ಬಿಡುವವಳಲ್ಲ. ಭಾವನ ಮೊಣಕಾಲಿಗೆ ಅವಳು ಹುಡುಕಿದ ಮದ್ದು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬಂತು: ಬ್ರೆಡ್ ಮಾಡುವ ಮಿಷನ್ನು.

"ನೀರು, ಹಿಟ್ಟು, ಉಪ್ಪು, ಈಸ್ಟ್ ಹಾಕಿ ಬಟನ್ ಒತ್ತಿದ್ರೆ ಆಯ್ತು ನೋಡಿ. ಅದೇ ಕಲಸುತ್ತೆ, ಅದೇ ಉಬ್ಬಿಸುತ್ತೆ, ಅದೇ ಬೇಯಿಸುತ್ತೆ. ಇನ್ಮೇಲೆ ಭಾವ ಮೆಟ್ಟಿಲು ಹತ್ತೋದೇ ಬೇಡ."

ಗಡಿಯಾರದವನ ಕೈಯಲ್ಲಿದ್ದ ಚಿಮಟ ಗಾಳಿಯಲ್ಲೇ ನಿಂತಿತು. "ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಪಾಪ, ಆ ಕಾಲಲ್ಲಿ ಎಷ್ಟು ದಿನ ಅಂತ ಹತ್ತಿಸ್ತೀರಿ ಅವರನ್ನ?"

"ನಾನೆಲ್ಲೇ ಹತ್ತಿಸ್ತೀನಿ? ಅವನೇ ಹತ್ತುತ್ತಾನೆ."

"ಬ್ರೆಡ್ ಕೊಡ್ಬೇಕು ಅಂತ ಹತ್ತುತ್ತಾರೆ. ಇಲ್ಲಾಂದ್ರೆ ಯಾಕ್ರೀ ಹತ್ತುತ್ತಾರೆ?"

ಅವನ ಎದೆಯಲ್ಲಿ ಮುಳ್ಳಾಡಿಸಿದ್ದೂ ಅದೇ. ಅಣ್ಣ ಸುಮ್ಮಸುಮ್ಮನೆ ಯಾರ ಮನೆಗೂ ಹೋದವನಲ್ಲ. ಕಂಕುಳಲ್ಲೊಂದು ಪೊಟ್ಟಣವಿದ್ದರೆ ಅವನಿಗೆ ಮೆಟ್ಟಿಲೂ ಬಯಲು, ಇಲ್ಲದಿದ್ದರೆ ಹೊಸ್ತಿಲೂ ಬೆಟ್ಟ. ಬ್ರೆಡ್ಡು ನಿಂತರೆ ಅಣ್ಣನೂ ನಿಲ್ಲುತ್ತಾನೆ. ತಮ್ಮನೇ ಬೇಕರಿಗೆ ಹೋಗಬಹುದಿತ್ತಲ್ಲ ಎಂದರೆ, ಅಲ್ಲಿ ಅಣ್ಣನಿಗೆ ತಲೆ ಎತ್ತಲೂ ಬಿಡುವಿಲ್ಲ. ಹೋದರೆ ತಮ್ಮನೂ ಒಬ್ಬ ಗಿರಾಕಿ ಅಷ್ಟೇ. 'ಅಣ್ಣ, ಏನೂ ತರದಿದ್ದರೂ ಬಾ' ಎಂದು ಹೇಳಬಹುದಿತ್ತಲ್ಲ ಎಂದರೆ, ಆ ಮನೆತನದಲ್ಲಿ ಅಂಥ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ. ಮೊದಲು ಆಡುವ ಧೈರ್ಯ ಇವನಿಗಿರಲಿಲ್ಲ.

ಮಾತ್ರೆ ಅಕ್ಕ ಕೆಲಸಕ್ಕೆ ಹೋಗುವ ದಾರಿಯಲ್ಲೇ ಬೇಕರಿಗೆ ಇಣುಕಿದಳು. "ಭಾವ, ನಾಳೆಯಿಂದ ನೀವು ಬರೋ ತೊಂದ್ರೆ ತಗೋಬೇಡಿ. ಮನೇಲೇ ಮಾಡ್ಕೋತೀವಿ."

"ಒಳ್ಳೇದಾಯ್ತಮ್ಮ" ಅಂದ ಬೇಕರಿ ಅಣ್ಣ. ಹಾಗಂದು, ಆಗಲೇ ಒರೆಸಿಟ್ಟಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದ.

ಮೊದಲ ಬ್ರೆಡ್ಡು ಚೆನ್ನಾಗಿಯೇ ಬಂತು. ಉಬ್ಬಿ, ಕೆಂಪಗೆ, ಹೊಸ ಟೋಪಿ ಹಾಕಿಕೊಂಡ ಅಧಿಕಾರಿಯ ಹಾಗೆ. ಬುಡದಲ್ಲಿ ಮಾತ್ರ ಕಲಸುವ ರೆಕ್ಕೆ ಸಿಕ್ಕಿಕೊಂಡಿದ್ದ ಕಡೆ ಒಂದು ತೂತು. ಮಾರನೆಯ ಬೆಳಿಗ್ಗೆ ಅದನ್ನೇ ಹೋಳು ಮಾಡಿ ತಟ್ಟೆಗಿಟ್ಟಳು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋಕೆ ಹಲ್ಲು ಕೀಳಿಸಿಕೊಂಡು ಬಂದೋರ ಮುಖ ಯಾಕ್ರೀ?"

ಅವನು ಸ್ಟೂಲಿನ ಕಡೆ ನೋಡಿದ. ಸ್ಟೂಲು ಖಾಲಿ. ಗೋಡೆಯ ಗಡಿಯಾರಗಳೆಲ್ಲ ತಮಗೆ ತೋಚಿದ ಸುಳ್ಳು ಹೇಳುತ್ತಿದ್ದವು, ಕೇಳುವವರಿರಲಿಲ್ಲ.

ಅವಳು ಬೆಳಿಗ್ಗೆಯೇ ಔಷಧಿ ಪುಡಿ ತೂಗುವ ಪುಟ್ಟ ತಕ್ಕಡಿಯಲ್ಲಿ ಈಸ್ಟು ಉಪ್ಪು ತೂಗಿ, ಎಲ್ಲ ಮಿಷನ್ನಿಗೆ ಹಾಕಿ ಅಂಗಡಿಗೆ ಹೊರಡುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಬ್ರೆಡ್ಡು ತಯಾರು. ಅಂದು ಅವಳು ಹೋದ ಮೇಲೆ ಮಿಷನ್ನು ಗುಡುಗುಡು ಕಲಸಿತು, ಆಮೇಲೆ ಸುಮ್ಮನಾಯಿತು. ಸುಮ್ಮನಾದ ಯಂತ್ರವನ್ನು ಕಂಡರೆ ರಿಪೇರಿಯವನ ಕೈ ತಡೆಯುವುದಿಲ್ಲ. ಎದ್ದು ಹೋಗಿ ಮುಚ್ಚಳ ತೆಗೆದ. ಹಿಟ್ಟು ನಿದ್ದೆ ಹೋದ ಕೂಸಿನ ಕೆನ್ನೆಯ ಹಾಗೆ ಉಬ್ಬಿಕೊಂಡಿತ್ತು. ಅವನ ಬಲಗೈಯ ಕಿರುಬೆರಳು ಹುಟ್ಟಿನಿಂದಲೂ ಸೊಟ್ಟ. ಆ ಬೆರಳು ತಾನಾಗಿ ಮುಂದೆ ಹೋಗಿ ಕೆನ್ನೆಯನ್ನು ಒತ್ತಿತು.

ಹಿಟ್ಟು ಉಸ್ಸೆಂದು ಉಸಿರು ಬಿಟ್ಟು ಕೆಳಗೆ ಕೂತಿತು.

"ದೇವರೇ, ಕಾಪಾಡಪ್ಪಾ" ಎಂದು ಅವನು ಮುಚ್ಚಳವನ್ನು ಕೈಗಡಿಯಾರದ ಹಿಂಬದಿ ಮುಚ್ಚುವಷ್ಟೇ ನಾಜೂಕಾಗಿ ಮುಚ್ಚಿದ. ದೇವರಿಗೂ ಫಜೀತಿಯೇ. ಕಾಪಾಡಬೇಕಾದದ್ದು ಬ್ರೆಡ್ಡನ್ನೋ, ಬೆರಳನ್ನೋ?

ಮಧ್ಯಾಹ್ನ ಮಾತ್ರೆ ಅಕ್ಕ ಬ್ರೆಡ್ಡನ್ನು ಹೊರಗೆ ತೆಗೆದಳು. ನಡುವೆ ಕಣಿವೆ, ಒಂದು ಬದಿಯಲ್ಲಿ ಸಣ್ಣದೊಂದು ಗುಳಿ.

"ಇದೇನ್ರೀ ಇದು? ಬ್ರೆಡ್ಡೋ, ಯಾರೋ ಕೂತು ಎದ್ದ ದಿಂಬೋ?"

"ಮಿಷನ್ ಅಂದ್ಮೇಲೆ ಹಾಗೇ ಕಣೇ. ನಂಬೋಕಾಗಲ್ಲ."

"ಗಡಿಯಾರ ರಿಪೇರಿಯೋರ ಬಾಯಲ್ಲಿ ಬರೋ ಮಾತಾ ಇದು!"

ಮರುದಿನ ನೀರು ಬದಲಾಯಿಸಿದಳು, ಅದರ ಮರುದಿನ ಹಿಟ್ಟು ಬದಲಾಯಿಸಿದಳು, ಆಮೇಲೆ ಹೊಸ ಈಸ್ಟು ತಂದಳು. ಉಪ್ಪನ್ನು ಹರಳು ಹರಳಾಗಿ ತೂಗಿದಳು. ದಿನವೂ ಅದೇ ಕಣಿವೆ, ಅದೇ ಗುಳಿ. ಜೀವಮಾನದಲ್ಲಿ ಒಂದು ಮಾತ್ರೆ ಹೆಚ್ಚುಕಮ್ಮಿ ಕೊಡದವಳಿಗೆ ಹಿಟ್ಟಿನ ಮುದ್ದೆಯೊಂದು ಸವಾಲು ಹಾಕಿತ್ತು.

"ಭಾವನ್ನೇ ಒಂದ್ಸಲ ಕರೆದು ತೋರಿಸ್ಲಾ? ಕಾಲುನೋವು ಬೇರೆ, ಪಾಪ..."

"ಕರಿ, ಕರಿ! ಈಗ್ಲೇ ಕರಿ!"

ಅಷ್ಟು ಬೇಗ ಬಂದ ಉತ್ತರಕ್ಕೆ ಮಾತ್ರೆ ಅಕ್ಕನ ಒಂದು ಹುಬ್ಬು ಮೇಲೇರಿ, ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಬೇಕರಿ ಅಣ್ಣ ಬಂದ. ಕಂಕುಳಲ್ಲಿ ಪೊಟ್ಟಣವಿತ್ತು. "ನಿಮ್ದು ಸರಿಹೋಗೋವರೆಗೂ ಇರ್ಲಿ ಅಂತ ತಂದೆ. ಬಿಸಿ ಇದೆ" ಅಂದ. ಸ್ಟೂಲಿನ ಮೇಲೆ ಕೂತು ಸೋತ ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು, ವೈದ್ಯರು ಹೊಟ್ಟೆ ಒತ್ತಿ ನೋಡುವಂತೆ ನೋಡಿದ. ತಟ್ಟಿದ. ಮೂಸಿದ. ಬದಿಯ ಗುಳಿಗೆ ಬಂದಾಗ ಅವನ ಕೈ ತಡೆಯಿತು. ತನ್ನ ಕಿರುಬೆರಳನ್ನು ಅದರೊಳಗಿಟ್ಟು ನೋಡಿದ. ನೆಟ್ಟಗಿನ ಬೆರಳು, ಕೂರಲಿಲ್ಲ. ಗುಳಿ ಒಂದು ಪಕ್ಕಕ್ಕೆ ವಾಲಿತ್ತು.

ಆ ಗುಳಿ ಅವನಿಗೆ ಹಳೆಯ ಪರಿಚಯ. ಚಿಕ್ಕಂದಿನಲ್ಲಿ ಅಪ್ಪ ಉಬ್ಬಲಿಟ್ಟ ಹಿಟ್ಟಿಗೆಲ್ಲ ತಮ್ಮ ಬೆರಳು ಚುಚ್ಚಿ ಓಡುತ್ತಿದ್ದ. ಯಾರ ಕೆಲಸ ಎಂದು ಅಪ್ಪ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಣ್ಣ ತಲೆ ಎತ್ತಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ತಮ್ಮ ಬಲಗೈಯನ್ನು ಜೇಬಿಗೆ ಸೇರಿಸಿದ್ದ.

"ಏನು ಭಾವ, ಏನಾಗಿದೆ?" ಮಾತ್ರೆ ಅಕ್ಕ ಬಗ್ಗಿ ಕೇಳಿದಳು.

ಬೇಕರಿ ಅಣ್ಣ ಗಂಟಲು ಸರಿಮಾಡಿಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ನಿಧಾನವಾಗಿ ಹೇಳಿದ. "ಗಾಳಿ ತಾಗಿದೆಯಮ್ಮ ಇದಕ್ಕೆ. ಒಂದು ದಿನಕ್ಕೆ ಹೋಗೋ ಕಾಯಿಲೆ ಅಲ್ಲ. ನಾನು... ದಿನಾ ಬಂದು ನೋಡ್ಬೇಕಾಗುತ್ತೆ."

ಆಮೇಲಿನ ದಿನಗಳಲ್ಲಿ ಆ ಮಿಷನ್ನು ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಚಿಕಿತ್ಸೆಯ ನೆಪದಲ್ಲಿ ಅಣ್ಣ ತಮ್ಮ ಇಬ್ಬರೂ ಅದರ ಆಚೆಗೊಬ್ಬ ಈಚೆಗೊಬ್ಬ ಕೂರುತ್ತಿದ್ದರು. ಹಿಟ್ಟಿನಿಂದ ಮಾತು ಅಪ್ಪನ ಒಲೆಗೆ ಹೋಗುತ್ತಿತ್ತು, ಒಲೆಯಿಂದ ಅಪ್ಪನ ಸಿಟ್ಟಿಗೆ, ಅಲ್ಲಿಂದ ತೀರಿಕೊಂಡ ಅತ್ತಿಗೆ ನಗುತ್ತಿದ್ದ ರೀತಿಗೆ. ಇಷ್ಟು ವರ್ಷ ಉಬ್ಬದೆ ಕೂತಿದ್ದ ಮಾತೆಲ್ಲ ಆ ಬೆಚ್ಚಗಿನ ಪೆಟ್ಟಿಗೆಯ ಪಕ್ಕದಲ್ಲಿ ಮೆಲ್ಲಗೆ ಮೇಲೇಳುತ್ತಿತ್ತು. ಬ್ರೆಡ್ಡು ಮಾತ್ರ ಎದ್ದೇಳಲಿಲ್ಲ.

ಮಾತ್ರೆ ಅಕ್ಕನಿಗೆ ರಜೆಯಿದ್ದ ದಿನ, ಅಣ್ಣ ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದಾಗ, ಬೀದಿಯ ಟ್ಯೂಷನ್ ಮೇಡಂ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅವರ ಕೈಗಡಿಯಾರ.

"ಏನ್ರೀ ಇದು, ಮೊನ್ನೆ ತಾನೇ ರಿಪೇರಿ ಮಾಡಿ ಕೊಟ್ರಿ. ಆಗ್ಲೇ ನಿಂತ್ಹೋಯ್ತಲ್ಲ! ಮಕ್ಕಳನ್ನ ಹೊತ್ತಾದ್ರೂ ಬಿಡಲಿಲ್ಲ ಅಂತ ಅವರಮ್ಮಂದಿರ ಕೈಲಿ ಬೈಸಿಕೊಂಡೆ."

ಗಡಿಯಾರದವನು ಹಿಂಬದಿ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. ನೋಡಿದವನು ಹಿಂಬದಿಯನ್ನು ಮತ್ತೆ ಮುಚ್ಚಹೊರಟ.

"ಕೊಡಿ ಇಲ್ಲಿ" ಎಂದು ಮಾತ್ರೆ ಅಕ್ಕ ಭೂತಗನ್ನಡಿ ಕಿತ್ತುಕೊಂಡಳು. ಪುಟ್ಟ ಹಲ್ಲುಚಕ್ರದ ಸಂದಿಯಲ್ಲಿ ಒಣಗಿ ಕೂತಿತ್ತು, ಸಾಸಿವೆಯಷ್ಟು ಹಿಟ್ಟು.

"ಇದೇನ್ರೀ, ಗಡಿಯಾರಕ್ಕೂ ಈಸ್ಟ್ ಹಾಕಿದ್ರಾ? ಟೈಮ್ ಉಬ್ಬಲಿ ಅಂತ?"

ಮೇಡಂಗೆ ಸಂಜೆ ಬರಲು ಹೇಳಿ ಕಳಿಸಿ, ಬಾಗಿಲು ಮುಂದೆ ಮಾಡಿದಳು. ಗಂಡನ ಬಲಗೈಯನ್ನು ಜೇಬಿನಿಂದ ಎಳೆದು, ಸೊಟ್ಟ ಕಿರುಬೆರಳನ್ನು ಹಿಂದಿನ ದಿನದ ಬ್ರೆಡ್ಡಿನ ಗುಳಿಯೊಳಗಿಟ್ಟಳು. ಒರೆಗೆ ಕತ್ತಿ ಸೇರಿದ ಹಾಗೆ ಸೇರಿತು.

"ಭಾವ, ನಿಮಗೂ ಗೊತ್ತಿತ್ತಾ ಇದು?"

ಬೇಕರಿ ಅಣ್ಣ ಗೋಡೆಯನ್ನೇ ನೋಡುತ್ತಿದ್ದ. "ಲೋ, ಇದ್ರಲ್ಲಿ ಯಾವ್ದೋ ನಿಜ ಹೇಳೋದು?"

"ಗಡಿಯಾರಗಳ ಕತೆ ಆಮೇಲೆ! ಮನೇಲಿರೋ ಗಂಡಸರಲ್ಲಿ ಯಾರು ನಿಜ ಹೇಳೋದು ಅಂತ ಮೊದ್ಲು ಹೇಳಿ. ಯಾಕ್ರೀ ಹೀಗೆ ಮಾಡಿದ್ರಿ? ಪಾಪದ್ದು, ಎಷ್ಟು ದಿನದಿಂದ ಆ ಮಿಷನ್ನಿಗೆ ಬೈತಿದ್ದೀನಿ ನಾನು!"

ಗಡಿಯಾರದವನು ಬೆರಳನ್ನು ಬ್ರೆಡ್ಡಿನಿಂದ ತೆಗೆಯಲಿಲ್ಲ. ಅಲ್ಲಿದ್ದರೆ ಅದಕ್ಕೆ ಸ್ವಲ್ಪ ಆಸರೆ ಅನಿಸಿತೇನೋ.

"ಬ್ರೆಡ್ ನೆಟ್ಟಗೆ ಬಂದ್ಬಿಟ್ರೆ ಇವನು ಬರೋದಿಲ್ಲ ಕಣೇ" ಅಂದ.

ಹೇಳಿಯಾಗಿತ್ತು. ಆ ಮನೆತನದಲ್ಲಿ ಯಾರೂ ಆಡದಿದ್ದ ಮಾತು ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕದಲ್ಲಿ ಬಿದ್ದಿತ್ತು. ಅಣ್ಣ ಚಹಾದ ಲೋಟದೊಳಗೆ ಇಣುಕಿ ನೋಡಿದ. ಲೋಟ ಖಾಲಿಯಾಗಿತ್ತು, ಆದರೂ ಒಂದು ಗುಟುಕು ಕುಡಿದ.

ಮಾತ್ರೆ ಅಕ್ಕನ ದನಿ ಇಳಿಯಿತು. "ನಿಮ್ಮ ಕಾಲು ನೋಯುತ್ತೆ ಅಂತ ಅಲ್ವಾ ಭಾವ ನಾನು ಇದನ್ನ ತಂದಿದ್ದು..."

"ಕಾಲು ಅಲ್ಲಿ ಕೂತ್ರೂ ನೋಯುತ್ತಮ್ಮ" ಅಂದ ಬೇಕರಿ ಅಣ್ಣ. "ಇಲ್ಲಿ ಕೂತು ನೋಯಲಿ ಬಿಡು."

ಅವಳು ಅತ್ತ ತಿರುಗಿ ಯಾವುದೋ ಡಬ್ಬದ ಮುಚ್ಚಳ ತೆಗೆದಳು, ಮುಚ್ಚಿದಳು. ಈ ಕಡೆ ತಿರುಗಿದಾಗ ಔಷಧಿ ಅಂಗಡಿಯ ಮುಖ ಹಾಕಿಕೊಂಡಿದ್ದಳು.

"ಸರಿ, ಇಬ್ರೂ ಕೇಳಿಸ್ಕೊಳ್ಳಿ. ನಾಳೆಯಿಂದ ದಿನಾ ಬೆಳಿಗ್ಗೆ, ತಿಂಡಿಗೆ ಮುಂಚೆ, ತಪ್ಪದೆ ಬರೋದು. ಬರಿಗೈಲಿ ಬರ್ಬೇಕು. ಪೊಟ್ಟಣ ಕಂಡ್ರೆ ಬಾಗ್ಲು ತೆಗೆಯಲ್ಲ. ಮೆಟ್ಟಿಲ ತಿರುವಲ್ಲಿ ಒಂದು ಕುರ್ಚಿ ಇಡಿಸ್ತೀನಿ, ಅಲ್ಲಿ ಕೂತು ಸುಧಾರಿಸ್ಕೊಂಡು ಹತ್ತೋದು. ಮತ್ತೆ ನೀವು! ಹಿಟ್ಟಿನ ಹತ್ರ ಆ ಬೆರಳು ಕಂಡ್ರೆ ಪ್ಲಾಸ್ಟರ್ ಸುತ್ತಿಬಿಡ್ತೀನಿ."

ಸಂಜೆಯೇ ಎಲ್ಲ ತೂಗಿ ಹಾಕಿ, ಬೆಳಿಗ್ಗೆಗೆ ಸರಿಯಾಗಿ ಬೇಯುವಂತೆ ಬಟನ್ನು ಒತ್ತಿದಳು. ಯಾರೂ ಮುಟ್ಟದ ಹಿಟ್ಟು ಮನಸ್ಸು ಬಿಚ್ಚಿ ಉಬ್ಬಿ, ಮುಚ್ಚಳಕ್ಕೆ ತಲೆ ತಾಗಿಸಿಕೊಂಡು ನಿಂತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ತಿರುವಿನಲ್ಲಿ ನಿಂತಿತು, ಕುರ್ಚಿ ಕಿರ್‍ರೆಂದಿತು, ಮತ್ತೆ ಹೆಜ್ಜೆ. ಬೇಕರಿ ಅಣ್ಣ ಬಾಗಿಲಲ್ಲಿ ಬಂದು ನಿಂತ. ಜೀವನದಲ್ಲಿ ಮೊದಲ ಸಲ ಬರಿಗೈಯಲ್ಲಿ ಬಂದವನಿಗೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಪೊಟ್ಟಣವಿರುತ್ತಿದ್ದ ಕಂಕುಳಿಗೆ ಅಂಗೈ ಸೇರಿಸಿಕೊಂಡು, ದಾರಿ ತಪ್ಪಿದ ನೆಂಟನ ಹಾಗೆ ನಕ್ಕ.

ತಮ್ಮ ಒಂದು ಹೋಳನ್ನು ಕತ್ತರಿಸಿ ತಂದು ಆ ಕೈಗೆ ಕೊಟ್ಟ.

"ಬಿಸಿ ಇದೆ."

"ಹೂಂ" ಅಂದ ಅಣ್ಣ.

ಸ್ಟೂಲಿನ ಮೇಲೆ ಕೂತು ತಿಂದ. ಗಡಿಯಾರಗಳನ್ನು ನೋಡುತ್ತ ಇನ್ನೊಂದು ಹೋಳು ತಿಂದ. ಎದ್ದು ಹೊರಟವನು ಹೊಸ್ತಿಲ ಬಳಿ ತಿರುಗಿ ನಿಂತು, ಏನೋ ನೆನಪಾದವನಂತೆ ಹೇಳಿದ. "ಎಲ್ಲಾ ಸರಿಯಾಗಿದೆಯಮ್ಮ. ಉಪ್ಪು ಮಾತ್ರ ಒಂದು ಚಿಟಿಕೆ ಕಮ್ಮಿ."

ಮಾತ್ರೆ ಅಕ್ಕ ಉಪ್ಪನ್ನು ಹರಳೂ ಬಿಡದೆ ತೂಗಿದ್ದಳು. ಗಂಡನ ಕಡೆ ಒಮ್ಮೆ ನೋಡಿ, ಭಾವನ ಕಡೆ ತಿರುಗಿದಳು.

"ಹೌದಾ ಭಾವ? ನಾಳೆ ಸರಿ ಮಾಡಿರ್ತೀನಿ. ಬಂದು ನೋಡಿ ಹೇಳಿ."