ಪರಾಕ್ರಮಶಾಲಿಯ ಸ್ವೆಟರ್

ಪವಿತ್ರ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆಗೆ ನಾನು ಇಸ್ತ್ರಿ ಹಾಕುತ್ತಿದ್ದೆ. ಎದುರಿಗೆ ದರ್ಜಿಯವಳು ಹಾಡುಗಾರರ ನಿಲುವಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಮ್ಮ ಮನೆಯ ಮಹಡಿಯಲ್ಲೇ ಅವಳ ವಾಸ. ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಇಬ್ಬರಿಗೂ ಇದೇ ಕೆಲಸ. ಕೈಯಲ್ಲಿ ಸೂಜಿ ಇದ್ದರೂ ಅವಳು ಚುಚ್ಚುವುದು ಮಾತಿನಲ್ಲಿ.

"ಅಜ್ಜಿ, ನಾಳೆನೂ ಕೆಮ್ತೀರಾ?"

ಕೇಳಿಸದವಳಂತೆ ಬಟ್ಟೆ ಎಳೆದೆ. ಆರು ವರ್ಷದಿಂದ ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬ ಸಾಲಿಗೆ ನನಗೆ ಕೆಮ್ಮು ಬರುತ್ತದೆ. ಬರುತ್ತದೆ ಎಂದರೆ, ಬರಿಸಿಕೊಳ್ಳುತ್ತೇನೆ. ಪಕ್ಕದ ಬೆಂಚಿನ ಮುದಿ ಕಂಪೌಂಡರ್ ಆ ಸಾಲಿಗಿಂತ ಮೊದಲೇ ಜೇಬಿನಿಂದ ಕೆಮ್ಮಿನ ಗುಳಿಗೆ ತೆಗೆದಿಟ್ಟುಕೊಂಡಿರುತ್ತಾರೆ.

ನಿಜವಾದ ರೋಗ ಬಲ್ಲವಳು ದರ್ಜಿಯವಳು ಮಾತ್ರ. ನನ್ನ ತಂಗಿ ಚೆನ್ನಾಗಿ ಹಾಡುತ್ತಿದ್ದಳು. ಚರ್ಚಿನಲ್ಲಿ ಒಬ್ಬಳೇ ನಿಂತು ಹಾಡುವ ಅವಕಾಶ ನನಗೆ ತಪ್ಪಿ ಅವಳಿಗೆ ಸಿಕ್ಕಿದ ದಿನ, ಹೊಟ್ಟೆ ಉರಿದು, "ಅವಳದು ಒಡೆದ ಮಡಕೆ ಗಂಟಲು" ಎಂದು ನಾಲ್ಕು ಜನರೆದುರು ಅಂದುಬಿಟ್ಟೆ. ಅಂದು ಬಾಯಿ ಮುಚ್ಚಿದವಳು ಮತ್ತೆ ಹಾಡಲಿಲ್ಲ. ತನ್ನ ಮಗಳ ಊರಿಗೆ ಹೋದಳು. ನನ್ನೊಡನೆ ಮಾತೂ ನಿಂತಿತು. ಈ ವಯಸ್ಸಿನಲ್ಲಿ ಓದುಬರಹ ಕಲಿಯಲು ಸೇರಿದ ರಾತ್ರಿ ಶಾಲೆಯಲ್ಲಿ ಪತ್ರ ಬರೆಯುವ ಪಾಠ ಬಂದಾಗ ನಾನು ಅವಳಿಗೇ ಕ್ಷಮೆ ಕೇಳಿ ಬರೆದೆ. ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟು, ಅಂಚೆಗೆ ಹಾಕಿದ ಮೇಲೆ ಉಳಿದೆರಡು ಎಂದರು.

ಲಕೋಟೆಗೆ ಅಂಚೆಚೀಟಿ ಅಂಟಿಸಿ ಬೈಬಲ್ಲಿನೊಳಗೆ ಇಟ್ಟೆ. ಅದು ಅಲ್ಲೇ ಸಂಸಾರ ಹೂಡಿತು. ಮೊದಲು ಮೋಶೆಯ ಪುಟದಲ್ಲಿತ್ತು. ನನಗೆ ಮಾತು ಬರದು, ಬೇರೆ ಯಾರನ್ನಾದರೂ ಕಳಿಸು ಎಂದು ದೇವರಿಗೆ ಹೇಳಿದವನು. ಆಮೇಲೆ ಯೋನನ ಹತ್ತಿರ ಹೋಯಿತು. ದೇವರು ಹೋಗೆಂದ ದಿಕ್ಕು ಬಿಟ್ಟು ಹಡಗು ಹತ್ತಿದವನು. ಅಂಥ ದೊಡ್ಡವರೇ ಜಾರಿಕೊಂಡಿದ್ದರೆಂದು ಓದಿ ನನಗೆ ಬಹಳ ಧೈರ್ಯ ಬಂತು, ಜಾರಿಕೊಳ್ಳಲು.

ಈ ವಾರ ಗಿದ್ಯೋನನ ಸರದಿ. ಯುದ್ಧಕ್ಕೆ ಹೋಗೆಂದರೆ ಅವನು ಕುರಿಯ ಉಣ್ಣೆ ಹಾಸಿ, ಬೆಳಗಾಗುವಾಗ ನೆಲವೆಲ್ಲ ಒದ್ದೆಯಾಗಿ ಉಣ್ಣೆ ಮಾತ್ರ ಒಣಗಿರಲಿ ಎಂದು ದೇವರಿಗೇ ಪರೀಕ್ಷೆ ಇಟ್ಟವನು. ಆಗದ ಹೋಗದ ಮಾತು ಎಂದು ಖುಷಿಯಿಂದ ನಾನೂ ನಿನ್ನೆ ರಾತ್ರಿ, ಹಾಗೇ ಆದರೆ ಪತ್ರ ಅಂಚೆಗೆ ಹಾಕುತ್ತೇನೆಂದು ಹೇಳಿ, ನನ್ನ ಉಣ್ಣೆ ಸ್ವೆಟರನ್ನು ಮೆಟ್ಟಿಲ ಕಂಬಿಯ ಮೇಲೆ ಹರಡಿದ್ದೆ.

"ಇವತ್ತು ಬೆಳಿಗ್ಗೆ ನೋಡಿದ್ರೆ ಮೆಟ್ಟಿಲೆಲ್ಲ ನೀರು ಕಣೆ," ಎಂದೆ ದರ್ಜಿಯವಳಿಗೆ. "ಸ್ವೆಟರ್ ಒಣಗಿತ್ತು. ಬೆಚ್ಚಗೂ ಇತ್ತು."

ಅವಳು ದಾರ ಕಡಿದಳು. "ಬೆಚ್ಚಗಿರದೆ ಏನು? ಮಂಜು ಬಿದ್ದು ನೆಂದಿತ್ತು, ಪಾಪ ಅಂತ ಇಸ್ತ್ರಿ ಹೊಡೆದೆ. ಮೆಟ್ಟಿಲು ತೊಳೆದವಳೂ ನಾನೇ."

ಎದೆಯ ಮೇಲಿನ ಕಲ್ಲು ಇಳಿಯಿತು. "ಹಾಗಾದ್ರೆ ಅದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಹಾಸ್ತೀನಿ."

"ಯಾಕೆ ಲೆಕ್ಕಕ್ಕಿಲ್ಲ? ಓಡಿಹೋಗ್ತಿದ್ದ ಯೋನನನ್ನ ನುಂಗಿ ದಡಕ್ಕೆ ತರೋಕೆ ದೇವರು ಮೀನು ಕಳಿಸಿದ, ನಿಮಗೆ ನನ್ನ ಕಳಿಸಿದ. ಆ ಮೀನಿಗೇನು ವಿಷಯ ಗೊತ್ತಿತ್ತಾ? ಕತೆ ಮೊದಲಿಂದ ಓದಿ ಅಜ್ಜಿ. ನೀವು ಯಾವಾಗ್ಲೂ ನಿಮಗೆ ಬೇಕಾದ ಕಡೆಯಿಂದ ಓದ್ತೀರಿ."

ಅವಳ ಬಾಯಿ ಮುಚ್ಚಿಸಲೆಂದೇ ಚೀಲದಿಂದ ಬೈಬಲ್ ತೆಗೆದು, ಅಕ್ಷರಕ್ಕೆ ಬೆರಳಿಟ್ಟು ಜೋರಾಗಿ ಓದಿದೆ. ಶತ್ರುಗಳಿಗೆ ಹೆದರಿ ಗಿದ್ಯೋನ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿ ಗೋದಿ ಬಡಿಯುತ್ತಿದ್ದಾನೆ. ದೇವದೂತ ಬಂದು ಅವನನ್ನು 'ಪರಾಕ್ರಮಶಾಲಿಯೇ' ಎಂದು ಕರೆಯುತ್ತಾನೆ. ಗೆದ್ದ ಮೇಲಲ್ಲ, ಬಚ್ಚಿಟ್ಟುಕೊಂಡು ನಡುಗುತ್ತಿದ್ದಾಗಲೇ. ಎಷ್ಟು ಸಲ ಆ ಸಾಲು ದಾಟಿ ಉಣ್ಣೆಯ ಕಡೆ ಓಡಿದ್ದೆನೋ. ಬೆರಳನ್ನು ಹಿಂದಕ್ಕೆ ತಂದು ಅದೇ ಸಾಲು ಇನ್ನೊಮ್ಮೆ ಓದಿದೆ, ಕೆಮ್ಮದೆ.

ದರ್ಜಿಯವಳು ಮೂಗೆಳೆದಳು. "ಪರಾಕ್ರಮಶಾಲಿಯೇ, ಬಟ್ಟೆ ಸುಡ್ತಿದೆ."

ಇಸ್ತ್ರಿ ಎತ್ತಿದರೆ ಮೇಜುಬಟ್ಟೆಯ ಮೂಲೆಯಲ್ಲಿ ಕಂದು ಕಲೆ.

"ಅದನ್ನ ಮಡಿಕೆಯೊಳಗೆ ಸೇರಿಸಿ ಹೊಲೀತೀನಿ. ನೀವು ಪತ್ರ ತಗೊಂಡು ಏಳಿ."

ಬೀದಿ ತಿರುವಿನ ಅಂಚೆ ಡಬ್ಬಿಯವರೆಗೆ ನನ್ನ ತೋಳು ಹಿಡಿದೇ ನಡೆದಳು, ಓಡಿಹೋದೇನೆಂದು. ಲಕೋಟೆಯ ಅಂಚೆಚೀಟಿ ಒಂದು ಕಡೆ ಎದ್ದಿತ್ತು.

"ಹೊಲೀಲಾ?"

ಎಂಜಲು ಹಚ್ಚಿ ಒತ್ತಿದೆ. ಡಬ್ಬಿಯ ಬಾಯಿಗೆ ತೂರಿಸಿದೆ. ಹಿಡಿದ ತುದಿ ಬಿಡಲಿಲ್ಲ.

"ಅಜ್ಜಿ, ಪತ್ರ ಮಾತ್ರ ಸಾಕು. ಕೈ ವಾಪಸ್ ತಗೊಳ್ಳಿ."

ಬೆರಳು ಸಡಿಲಿಸಿದೆ. ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.